ಕುಂದಾಪುರದ ಹಿನ್ನೀರಿನ ಕುದ್ರುವಿನಲ್ಲಿ ನಮ್ಮ ಹಳೇ ಮನೆ: ತೇಲಿಬರುವ ಪ್ಲಾಸ್ಟಿಕ್ ಏನು ಮಾಡುವುದು?

ಕುದ್ರುಮನೆ (ಗಿರಿನಗರ, ಬೆಂಗಳೂರು):

ಎಲ್ಲರಿಗೂ ನಮಸ್ಕಾರ. ಪಂಚಗಂಗಾವಳಿಯ ಹಿನ್ನೀರಿನ ಒಂದು ಸಣ್ಣ ಕುದ್ರುವಿನಲ್ಲಿ (ಹೊಳೆ ನಡುವಿನ ದ್ವೀಪದಲ್ಲಿ) ಅಜ್ಜಯ್ಯ ಕಟ್ಟಿಸಿದ ಹಂಚಿನ ಮನೆ ಇದೆ. ಮಣ್ಣಿನ ಗೋಡೆ, ಎರಡು ಕೋಣೆ, ಚಾವಡಿ, ಸಿಹಿನೀರಿನ ಬಾವಿ, ಸುತ್ತ ತೆಂಗು. ದೋಣಿಯಲ್ಲೇ ಹೋಗಬೇಕು. ಅಲ್ಲೀಗ ಯಾರೂ ಕಾಯಂ ಇಲ್ಲ. ದೊಡ್ಡಪ್ಪನ ಮಕ್ಕಳು, ನಾವು ಎಲ್ಲ ಬೆಂಗಳೂರು ಸೇರಿದ್ದೇವೆ, ರಜೆ ಸಿಕ್ಕಾಗ ಪಂಚಗಂಗಾ ರೈಲು ಹತ್ತಿ ಹೋಗಿ ಬರುತ್ತೇವೆ. ಮನೆಯ ಉಸ್ತುವಾರಿ ಈ ವರ್ಷದಿಂದ ನನ್ನದು. ನಾನೇ ಕೇಳಿ ತೆಗೆದುಕೊಂಡದ್ದು.

ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕ ಐದೂ ಒಂದಾಗಿ ಕಡಲು ಸೇರುವ ಜಾಗ ಅದು. ಮಳೆಗಾಲದಲ್ಲಿ ಘಟ್ಟದ ಬುಡದಿಂದ ಹಿಡಿದು ಊರೂರಿನ ಚರಂಡಿ ತೊಳೆದದ್ದೆಲ್ಲ ಕೆಳಗೆ ಬರುತ್ತದೆ. ಭರತದ ಹೊತ್ತಿಗೆ ಅಳಿವೆಯಿಂದ ಕಡಲಿನದೂ ಒಳಗೆ ನುಗ್ಗುತ್ತದೆ. ಗಂಟು ಕಟ್ಟಿದ ಕ್ಯಾರಿಬ್ಯಾಗು, ಒಂಟಿ ಚಪ್ಪಲಿ, ಔಷಧದ ಬಾಟಲಿ, ಡೈಪರ್, ಥರ್ಮೊಕೋಲ್ ಚೂರು, ಬಲೆಯ ತುಂಡು, ಲೆಕ್ಕವಿಲ್ಲದಷ್ಟು ಬಾಟಲಿ ಮುಚ್ಚಳ. ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧವಾಯಿತು, 2022ರ ಜುಲೈ 1ರಿಂದ ದೇಶದಾದ್ಯಂತ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ ಕೂಡ. ಅವಷ್ಟೂ ನಮ್ಮ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲಿ ಕೆಸರು ಮೆತ್ತಿಕೊಂಡು ಕೂತಿರುತ್ತವೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅಣ್ಣ (ದೊಡ್ಡಪ್ಪನ ಮಗ) ಹಿತ್ತಲಲ್ಲಿ ಗುಂಡಿ ತೋಡಿ ಸುಟ್ಟುಬಿಡೋಣ ಅನ್ನುತ್ತಾನೆ. ಚಿಕ್ಕಪ್ಪನಿಗೆ ಹೂಳುವುದೇ ಸರಿ ಅನ್ನಿಸಿದೆ. ಎರಡಕ್ಕೂ ನನ್ನ ಮನಸ್ಸು ಒಪ್ಪುತ್ತಿಲ್ಲ, ಆದರೆ ಹಿರಿಯರ ಮುಂದೆ ಬರೀ ಬೇಡ ಅಂದರೆ ಸಾಲದು, ಕಾರಣ ಕೊಡಬೇಕು. ಚೀಲ ಕಟ್ಟಿ ಬೆಂಗಳೂರಿಗೇ ತಂದು ಇಲ್ಲಿನ ಒಣಕಸಕ್ಕೆ ಕೊಡಬಹುದೇ ಅಂತಲೂ ಯೋಚಿಸಿದೆ.

ಇನ್ನೊಂದು ವಿಷಯ ಇದಕ್ಕಿಂತ ಹೆಚ್ಚು ಕಾಡುತ್ತಿದೆ. ಪಡುವಣ ಗೋಡೆಗೆ ಮಳೆ ಹೊಡೆಯದಂತೆ ಪ್ರತಿವರ್ಷ ನೀಲಿ ಟಾರ್ಪಾಲು ಕಟ್ಟಿಸುತ್ತಾರೆ. ದಡ ಕುಸಿಯದಿರಲಿ ಅಂತ ಸಿಮೆಂಟ್ ಚೀಲದಲ್ಲಿ ಮರಳು ತುಂಬಿ ಒಡ್ಡಿದ್ದಾರೆ. ಟಾರ್ಪಾಲು ಎಳೆ ಎಳೆಯಾಗಿ ಹಾರಿ ತೆಂಗಿನ ಬುಡದಲ್ಲಿದೆ, ಚೀಲಗಳು ಮುಟ್ಟಿದರೆ ಪುಡಿಯಾಗುತ್ತವೆ. ಹೊರಗಿನದನ್ನು ಹೆಕ್ಕುತ್ತಾ ನಮ್ಮದನ್ನೇ ನೀರಿಗೆ ಬಿಟ್ಟರೆ ಏನು ಬಂತು? ಮನೆಯನ್ನೂ ಉಳಿಸಿಕೊಂಡು ಇದನ್ನು ನಿಲ್ಲಿಸುವ ದಾರಿ ತಿಳಿದವರು ಹೇಳಿ.

ಒಣಕಸ_ಜಯನಗರ:

ಅಕ್ಕ, ನಾನು ಬೆಂಗಳೂರಿನ ಒಂದು ಒಣಕಸ ಕೇಂದ್ರದಲ್ಲಿ ವಿಂಗಡಣೆ ನೋಡಿಕೊಳ್ಳುತ್ತೇನೆ. ಸುಡುವುದು ಖಂಡಿತ ಬೇಡ. ಆ ರಾಶಿಯಲ್ಲಿ ಪಿವಿಸಿ ಇದ್ದೇ ಇರುತ್ತದೆ: ಪೈಪಿನ ತುಂಡು, ವೈರಿನ ಸಿಪ್ಪೆ, ಕೆಲವು ಚಪ್ಪಲಿ. ತೆರೆದ ಬೆಂಕಿಯಲ್ಲಿ ಅದರಿಂದ ಡಯಾಕ್ಸಿನ್ ಅನ್ನುವ ವಿಷ ಹುಟ್ಟುತ್ತದೆ. ಬಣ್ಣಗಳಲ್ಲಿರುವ ಸೀಸದಂಥ ಲೋಹಗಳು ಬೂದಿಯಲ್ಲೇ ಉಳಿಯುತ್ತವೆ. ಕುದ್ರುವಿನ ಬಾವಿಯ ಸಿಹಿನೀರು ಮಳೆಯಿಂದ ಇಂಗಿದ್ದು, ಕೆಳಗಿನ ಉಪ್ಪುನೀರಿನ ಮೇಲೆ ತೆಳುವಾಗಿ ತೇಲಿಕೊಂಡಿರುತ್ತದೆ. ಬೂದಿಯ ಗುಂಡಿಗೆ ಬಿದ್ದ ಮಳೆಯೂ ಅಲ್ಲಿಗೇ ಇಳಿಯುತ್ತದೆ. ಅಣ್ಣನವರಿಗೆ ಬಾವಿಯ ಮಾತು ಹೇಳಿ, ಸಾಕು. ಹೂತರೆ ಒಂದು ಜೋರು ನೆರೆಗೆ ದಡ ಕೊರೆದು ಎಲ್ಲ ಮತ್ತೆ ಹೊಳೆಗೆ.

ಬೆಂಗಳೂರಿಗೂ ತರಬೇಡಿ. ಇಲ್ಲಿ ಹಸಿರು ಡಬ್ಬಿ, ಕೆಂಪು ಡಬ್ಬಿ, ಒಂದು ಚೀಲ ಅಂತ ಮನೆಯಲ್ಲೇ ಬೇರೆ ಮಾಡಿ ಕೊಟ್ಟ ಒಣಕಸವೇ ನಮಗೆ ಕೈತುಂಬ ಇದೆ. ಉಪ್ಪು, ಮರಳು ಹತ್ತಿದ ಮಾಲನ್ನು ಗುಜರಿಯವರು ಬೇಗ ಮುಟ್ಟುವುದಿಲ್ಲ. ಮರುಬಳಕೆ ಆಗದ್ದನ್ನು ಸಿಮೆಂಟ್ ಕಾರ್ಖಾನೆಯ ಗೂಡಿಗೆ ಉರುವಲಾಗಿ ಕಳಿಸುತ್ತೇವೆ, ಅಲ್ಲಿ ಕ್ಲೋರಿನ್ ಜಾಸ್ತಿಯಾದರೆ ತೊಂದರೆ. ಉಪ್ಪಿನಲ್ಲಿರುವುದು ಅದೇ.

ಹಾಗಾಗಿ ಮೊದಲ ಕೆಲಸ ಉಪ್ಪು ಬಿಡಿಸುವುದು. ಹೆಕ್ಕಿದ್ದನ್ನು ಹಳೇ ಬಲೆಯಲ್ಲಿ ಗಂಟು ಕಟ್ಟಿ ಸೂರಿನ ನೀರು ಬೀಳುವಲ್ಲಿ ನೇತುಹಾಕಿ. ಮಳೆಯೇ ತೊಳೆಯುತ್ತದೆ, ಬಾವಿನೀರು ಸೇದುವುದು ಬೇಡ. ಆಮೇಲೆ ನೆರಳಲ್ಲಿ ಒಣಗಿಸಿ ವಿಂಗಡಿಸಿ. ಗಟ್ಟಿಯಾಗಿ ಉಳಿದ ಪೆಟ್ ಬಾಟಲಿ ಒಂದು ಕಡೆ. ಮುಚ್ಚಳ, ಕ್ಯಾನು, ಶಾಂಪೂ ಡಬ್ಬಿಯಂಥ ದಪ್ಪ ಮಾಲು ಇನ್ನೊಂದು ಕಡೆ. ಹಾಲಿನ ಕವರಿನಂಥ ಕವರುಗಳು ಬೇರೆ. ಚಿಪ್ಸ್, ಗುಟ್ಕಾ ಪ್ಯಾಕೆಟ್ಟು, ಥರ್ಮೊಕೋಲ್, ಚಪ್ಪಲಿ, ಬೆರಳಲ್ಲಿ ಮುರಿದರೆ ಪುಡಿಯಾಗುವಂಥದ್ದು ಎಲ್ಲ ಕೊನೆಯ ಚೀಲಕ್ಕೆ. ಡೈಪರ್, ಸೂಜಿ, ಔಷಧ ಸಿಕ್ಕರೆ ಬರಿಗೈಯಲ್ಲಿ ಮುಟ್ಟದೆ ಪ್ರತ್ಯೇಕ ಇಡಿ.

ಮುಚ್ಚಳವೇ ಯಾಕೆ ಅಷ್ಟು ಅಂದರೆ, ಬಾಟಲಿಯ ಪೆಟ್ ನೀರಿಗಿಂತ ಭಾರ, ಮುಚ್ಚಳದ ಪ್ಲಾಸ್ಟಿಕ್ ಹಗುರ. ಮುಚ್ಚಳ ಕಳಚಿದ ಬಾಟಲಿ ನೀರು ತುಂಬಿ ತಳ ಸೇರುತ್ತದೆ, ಮುಚ್ಚಳ ನಿಮ್ಮ ದಡಕ್ಕೆ ಬರುತ್ತದೆ. ದಡದಲ್ಲಿ ಕಾಣುವುದು ಹೊಳೆಯಲ್ಲಿರುವುದರ ಒಂದು ಪಾಲು ಮಾತ್ರ.

ಉಡುಪಿ ಜಿಲ್ಲೆಯಲ್ಲಿ ಗ್ರಾಮ ಪಂಚಾಯಿತಿಗಳ ಎಸ್‌ಎಲ್‌ಆರ್‌ಎಂ (ಕಸ ನಿರ್ವಹಣೆಯ) ಘಟಕಗಳಿವೆ, ಕಾರ್ಕಳದ ನಿಟ್ಟೆಯಲ್ಲಿ ಒಣಕಸ ವಿಂಗಡಿಸುವ ದೊಡ್ಡ ಕೇಂದ್ರ (ಎಂಆರ್‌ಎಫ್) ಇದೆ. ನಿಮ್ಮ ಪಂಚಾಯಿತಿಯ ಕಸದ ಗಾಡಿ ಯಾವ ಕಡವಿನ (ದೋಣಿ ನಿಲ್ಲುವ ಜಾಗದ) ತನಕ ಬರುತ್ತದೆ ಅಂತ ವಿಚಾರಿಸಿ, ಮೊದಲೇ ಫೋನ್ ಮಾಡಿ ದಿನ ಗೊತ್ತುಮಾಡಿಕೊಳ್ಳಿ.

ಹಂಚಿನಮಾಡು (ಊರು ಕೋಟ, ಈಗ ಮಲ್ಲೇಶ್ವರ):

ಹ್ವಾಯ್, ನಮ್ಮೂರ ಬದಿಯವರು ಸಿಕ್ಕಿದ್ರಲ್ಲ, ಖುಷಿಯಾಯ್ತು. ಕಸದ ವಿಷಯ ಮೇಲಿನವರು ಹೇಳಿದ್ದಾರೆ, ನಾನು ಮನೆ ವಿಷಯ ಹೇಳ್ತೆ. ಹಳೇ ಮನೆ ರಿಪೇರಿ ಮಾಡಿಸುವುದು ನನ್ನ ಕಸುಬು.

ಆ ಟಾರ್ಪಾಲು ಪ್ಲಾಸ್ಟಿಕ್ ಪಟ್ಟಿಯಲ್ಲಿ ನೇಯ್ದದ್ದು. ಬಿಸಿಲಿಗೆ ಪಟ್ಟಿ ಬಲ ಕಳಕೊಂಡು ಕೂದಲಿನಂತೆ ಬಿಡಿಸಿಕೊಳ್ಳುತ್ತದೆ. ಸಿಮೆಂಟ್ ಚೀಲದ್ದೂ ಅದೇ ಕತೆ. ಅಜ್ಜಯ್ಯನ ಕಾಲದಲ್ಲಿ ಪಡು ಗೋಡೆಗೆ ಎಂತ ಕಟ್ಟುತ್ತಿದ್ರು, ನೆನಪುಂಟಾ? ತೆಂಗಿನ ಮಡಲು ಹೆಣೆದ ತಟ್ಟಿ. ನಿಮ್ಮ ಕುದ್ರುವಿನಲ್ಲಿ ಮಡಲಿಗೆ ಬರ ಇಲ್ಲ. ಮಡಲನ್ನು ನೀರಲ್ಲಿ ನೆನೆಸಿ ಹೆಣೆದು, ಅಡಿಕೆ ದಬ್ಬೆಗೆ ತೆಂಗಿನ ನಾರಿನ ಹಗ್ಗದಲ್ಲಿ ಬಿಗಿದು, ಗೋಡೆಗೆ ತಾಗದ ಹಾಗೆ ಗೇಣು ಅಂತರ ಬಿಟ್ಟು ನಿಲ್ಲಿಸಿ. ಒಳಗೆ ಗಾಳಿ ಆಡಬೇಕು ಕಾಣಿ, ಟಾರ್ಪಾಲು ಗೋಡೆಗೆ ಅಂಟಿ ಕೂತರೆ ಒಳಗಿನ ತೇವ ಹೊರಗೆ ಹೋಗುವುದಿಲ್ಲ, ಮಣ್ಣಿನ ಗೋಡೆ ಬುಡದಿಂದ ಉದುರುತ್ತದೆ. ತಟ್ಟಿ ಒಂದು ಮಳೆಗಾಲಕ್ಕೆ ಸಾಕು, ಆಮೇಲೆ ತೆಂಗಿನ ಬುಡಕ್ಕೆ ಗೊಬ್ಬರ. ಕೈಯಲ್ಲಿ ಸ್ವಲ್ಪ ಹಣ ಇದ್ದರೆ ಪಡು ಬದಿಯ ಮಾಡನ್ನೇ ಇನ್ನೆರಡು ಸಾಲು ಹಂಚಿನಷ್ಟು ಮುಂದಕ್ಕೆ ಇಳಿಸಿ, ಅದು ಶಾಶ್ವತ.

ಬಣ್ಣವೂ ಪ್ಲಾಸ್ಟಿಕ್ಕೇ ಅಂತ ಸುಮಾರು ಜನಕ್ಕೆ ಗೊತ್ತಿಲ್ಲ. ಅಕ್ರಿಲಿಕ್ ಎಮಲ್ಷನ್ ಬಳಿದರೆ ಮಣ್ಣಿನ ಗೋಡೆ ಉಸಿರಾಡುವುದಿಲ್ಲ, ಗುಳ್ಳೆ ಎದ್ದು ಸಿಪ್ಪೆ ಸಿಪ್ಪೆಯಾಗಿ ಉದುರಿ ಮಳೆನೀರಿನೊಟ್ಟಿಗೆ ಹೊಳೆಗೆ ಹೋಗುತ್ತದೆ. ಸುಣ್ಣವೇ ಬಳಿಸಿ. ಚಿಪ್ಪಿನ ಸುಣ್ಣ ಸಿಕ್ಕಿದರೆ ಇನ್ನೂ ಲಾಯ್ಕ್. ಮರದ ಪಕಾಸಿಗೆ, ಬಾಗಿಲಿಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ). ಗೆದ್ದಲು ಹತ್ತಿರ ಬಾರದು, ಆದರೆ ಬಳಿಯುವಾಗ ಕೈಗೆ ಗ್ಲೌಸ್ ಬೇಕೇ ಬೇಕು, ಚರ್ಮ ಸುಡುತ್ತದೆ.

ದಡಕ್ಕೆ ತೆಂಗಿನ ನಾರಿನ ಬಲೆ ಹಾಸಿ ಗೂಟ ಹೊಡೆಸಿ, ಮೇಲ್ಗಡೆ ಕೇದಗೆ, ನೀರಂಚಿಗೆ ಕಾಂಡ್ಲಾ. ಬೇರು ಹಿಡಿಯುವ ತನಕ ನಾರು ತಡೆಯುತ್ತದೆ. ಈಗಿರುವ ಚೀಲಗಳನ್ನು ಬೇಸಿಗೆಯಲ್ಲೇ ತೆಗೆಸಿ. ಮರಳು ಅಲ್ಲೇ ಸುರಿದು ಚೀಲ ಮಾತ್ರ ಹೊರಗೆ ಒಯ್ಯಿರಿ.

ಕುದ್ರುಮನೆ:

ಇಬ್ಬರಿಗೂ ಮನಸಾರೆ ಧನ್ಯವಾದ. ಬಾವಿಯ ಮಾತನ್ನು ನಿನ್ನೆ ರಾತ್ರಿಯೇ ಅಣ್ಣನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ದೋಣಿ ಬಾಡಿಗೆ ನಾನು ಕೊಡುತ್ತೇನೆ ಅಂದ. ಮಡಲು ಹೆಣೆಯಲು ಬರುವವರು ಪಕ್ಕದ ಕುದ್ರುವಿನಲ್ಲಿ ಒಬ್ಬರು ಅಜ್ಜಿ ಇದ್ದಾರೆ ಅಂತ ಅಪ್ಪ ಹೇಳಿದರು. ಅವರಿಗೆ ಸರಿಯಾದ ಕೂಲಿ ಕೊಟ್ಟು, ನಾನೂ ಕಲಿತುಕೊಳ್ಳಬೇಕು ಅಂತಿದ್ದೇನೆ. ಕುಟುಂಬದ ಗುಂಪಿನಲ್ಲೂ ಹಾಕಿದ್ದೇನೆ: ಕುದ್ರುವಿಗೆ ಬರುವವರು ನೀರಿನ ಬಾಟಲಿ ಕೇಸು ಹೊತ್ತು ತರಬೇಡಿ, ಬಾವಿನೀರು ಕುದಿಸಿ ತಾಮ್ರದ ಹಂಡೆಯಲ್ಲಿ ತುಂಬಿಸಿಡುತ್ತೇವೆ. ದೋಣಿಯಲ್ಲಿ ತಂದದ್ದು ದೋಣಿಯಲ್ಲೇ ವಾಪಸ್.

ಒಂದು ಪ್ರಶ್ನೆ ಉಳಿದಿದೆ. ಕಾಂಡ್ಲಾ ಬೇರುಗಳಿಗೆ ಸುತ್ತಿಕೊಂಡ ಬಲೆ, ಕವರು ಎಳೆದರೆ ಬೇರೂ ಕಿತ್ತು ಬರುತ್ತದೆ. ಬಿಟ್ಟರೂ ಕಷ್ಟ. ಯಾವಾಗ, ಹೇಗೆ ತೆಗೆಯುವುದು?

ಅಳಿವೆಬಾಗಿಲು:

ಎಳೆಯಬೇಡಿ ಮೇಡಂ, ಕತ್ತರಿಸಿ. ಕೆಸರಿನಿಂದ ಪೆನ್ಸಿಲಿನ ಹಾಗೆ ಮೇಲಕ್ಕೆ ಎದ್ದಿರುತ್ತವಲ್ಲ, ಗಿಡ ಉಸಿರಾಡುವುದು ಆ ಬೇರುಗಳಿಂದಲೇ. ಅವುಗಳ ಮೇಲೆ ಹಾಸಿಕೊಂಡ ಕವರು ಮೊದಲು ತೆಗೆಯಿರಿ, ಗಿಡ ಸಾಯುವುದು ಅದರಿಂದ. ಬಲೆಯನ್ನು ಸಣ್ಣ ಕತ್ತಿಯಲ್ಲಿ ತುಂಡು ತುಂಡು ಮಾಡಿ ಬಿಡಿಸಿ. ಕೆಸರಿನ ಆಳಕ್ಕೆ ಹೋದ ಭಾಗ ಇದ್ದರೆ ಮೇಲಿನದಷ್ಟನ್ನೇ ಕತ್ತರಿಸಿ ಬಿಟ್ಟುಬಿಡಿ.

ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ತುಂಬ ಇಳಿಯುತ್ತದೆ, ಬೇರುಗಳ ನಡುವೆ ಕೆಲಸ ಮಾಡಲು ಅದೇ ಸರಿಯಾದ ಹೊತ್ತು. ಅದೇ ದಿನಗಳಲ್ಲಿ ಭರತವೂ ಎತ್ತರ ಏರಿ ಕಸವನ್ನು ದಡದ ಮೇಲಿನ ಗೆರೆಗೆ ಎಸೆದಿರುತ್ತದೆ. ಮುಂದಿನ ದೊಡ್ಡ ಭರತ ಬಂದು ಎತ್ತಿಕೊಂಡು ಹೋಗುವ ಮೊದಲು ಅದನ್ನು ಹೆಕ್ಕಿ. ಒಣಗಿದ ಎಲೆ, ಕಡ್ಡಿಯನ್ನು ಮಾತ್ರ ಗುಡಿಸಬೇಡಿ, ಏಡಿಗಳಿಗೆ ಅದು ಬೇಕು.

ಕೆಸರಲ್ಲಿ ಚಿಪ್ಪು ಕೊಯ್ಯುತ್ತದೆ, ದಪ್ಪ ಅಡಿಯ ಗಮ್‌ಬೂಟು ಹಾಕಿಕೊಳ್ಳಿ. ಚೀಲಗಳನ್ನು ದೋಣಿಗೆ ಏರಿಸುವ ಮೊದಲು ಬಾಯಿ ಹೊಲಿಸಿ, ಬರೀ ಕಟ್ಟಿದರೆ ಅಳಿವೆ ಗಾಳಿಗೆ ಬಿಚ್ಚಿಕೊಳ್ಳುತ್ತದೆ.