ನರ್ಸಿಂಗ್ ಹೋಮಿನ ಮೌಲ್ಯಮಾಪನದಲ್ಲಿ ಅಮ್ಮನಿಗೆ 15ಕ್ಕೆ 5 ಅಂಕ: ತಿದ್ದಿಸುವುದು ಹೇಗೆ?

ಪ್ರಶ್ನೆ:
ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದ ನಂತರ ನನ್ನ ತಾಯಿಯವರು ಮೂರು ವಾರಗಳಿಂದ ಅಮೆರಿಕದ ಒಂದು ನರ್ಸಿಂಗ್ ಹೋಮಿನಲ್ಲಿದ್ದಾರೆ. ಎಂಡಿಎಸ್ (ಪ್ರತಿ ನಿವಾಸಿಯ ಸ್ಥಿತಿಯನ್ನು ನರ್ಸಿಂಗ್ ಹೋಮಿನವರು ದಾಖಲಿಸುವ ನಿಗದಿತ ನಮೂನೆ) ಮೌಲ್ಯಮಾಪನದ ಪ್ರಕಾರ ಅವರ ಗ್ರಹಣಶಕ್ತಿ ತೀವ್ರವಾಗಿ ಕುಂದಿದೆ, 15ಕ್ಕೆ 5 ಅಂಕವಷ್ಟೇ ಬಂದಿದೆ ಎಂದು ಮೊನ್ನೆಯ ಸಭೆಯಲ್ಲಿ ತಿಳಿಸಿದರು. ಅದೇ ಬೆಳಿಗ್ಗೆ ಅಮ್ಮ, "ನಾಳೆ ಏಕಾದಶಿ, ಅನ್ನ ತರಬೇಡಿ ಅಂತ ಇವರಿಗೆ ಹೇಳಿಬಿಡು" ಎಂದಿದ್ದರು. ಪಂಚಾಂಗ ನೋಡಿದರೆ ಅವರ ಲೆಕ್ಕ ಸರಿಯಾಗಿಯೇ ಇತ್ತು. ಅವರಿಗೆ ಇಂಗ್ಲಿಷ್ ಬಾರದು. ಏನು ಕೇಳಿದರೂ "ಯೆಸ್" ಎಂದು ತಲೆಯಾಡಿಸುತ್ತಾರೆ. ಈ ದಾಖಲೆಯನ್ನು ತಿದ್ದಿಸಬಹುದೇ?

ಉತ್ತರ 1:
ಎಂಡಿಎಸ್ ತುಂಬುವುದೇ ನನ್ನ ಕೆಲಸ, ಆದ್ದರಿಂದ ವಿವರವಾಗಿ ಬರೆಯುತ್ತಿದ್ದೇನೆ. ಗ್ರಹಣಶಕ್ತಿಯ ಆ ಪರೀಕ್ಷೆಯಲ್ಲಿ "ಸಾಕ್, ಬ್ಲೂ, ಬೆಡ್" ಎಂಬ ಮೂರು ಪದಗಳನ್ನು ಹೇಳಿಕೊಡುತ್ತಾರೆ. ಕೇಳಿದೊಡನೆ ಮರುನುಡಿದರೆ 3 ಅಂಕ. ಈಗಿನ ವರ್ಷ, ತಿಂಗಳು, ವಾರದ ದಿನ ಹೇಳಿದರೆ 6. ಕೊನೆಗೆ ಆ ಪದಗಳನ್ನೇ ನೆನಪಿಸಿಕೊಂಡರೆ ಇನ್ನು 6. ಅರ್ಥವೇ ತಿಳಿಯದ ಪದಗಳನ್ನು ಗಿಳಿಯಂತೆ ಒಪ್ಪಿಸಬಹುದು, ಆದರೆ ಸ್ವಲ್ಪ ಹೊತ್ತಿನ ಬಳಿಕ "ತೊಡುವ ವಸ್ತು" ಎಂದು ಇಂಗ್ಲಿಷಿನಲ್ಲೇ ಸುಳಿವು ಕೊಟ್ಟರೆ ಏನು ಪ್ರಯೋಜನ? ಸಂದರ್ಶನವನ್ನು ರೋಗಿಗೆ ಒಗ್ಗುವ ಭಾಷೆಯಲ್ಲೇ ನಡೆಸಬೇಕು. ದುಭಾಷಿ ಅಗತ್ಯವಿದ್ದೂ ಸಿಗದಿದ್ದರೆ ಅದನ್ನು ಕೈಬಿಟ್ಟು, ಸಿಬ್ಬಂದಿ ಕಂಡದ್ದರ ಆಧಾರದ ಮೇಲೆ ಬೇರೆ ಭಾಗವನ್ನು ತುಂಬಬೇಕು. ಹಾಗಾಗಿ ದುಭಾಷಿಯಿಲ್ಲದೆ ಪಡೆದ 5 ಅಂಕ ಎರಡೂ ದಾರಿಯಲ್ಲಿ ನಿಯಮಕ್ಕೆ ಹೊಂದುವುದಿಲ್ಲ. ದಾಖಲೆ ನೋಡಲು ಕೇಳಿ. ವಾರಾಂತ್ಯ ಮತ್ತು ರಜೆ ಬಿಟ್ಟು 24 ಗಂಟೆಯೊಳಗೆ ತೋರಿಸಬೇಕು. ಆಮೇಲೆ ತಿದ್ದುಪಡಿಗೆ ಲಿಖಿತವಾಗಿ ಕೋರಿರಿ.

ಉತ್ತರ 2:
ಬಿದ್ದ ಘಟನೆಗಳ ಭಾಗವನ್ನೂ ಓದಿ ನೋಡಿ. ಈ ದಾಖಲೆಯನ್ನು ತುಂಬುವವರು ಆ ಸಂಸ್ಥೆಯವರೇ, ಅದರಿಂದ ಸರ್ಕಾರದ ಗುಣಮಟ್ಟದ ನಕ್ಷತ್ರ (ರೇಟಿಂಗ್) ಪಡೆಯುವವರೂ ಅವರೇ. ಆಸ್ಪತ್ರೆಯ ಬಿಲ್ಲುಗಳೊಡನೆ ತಾಳೆ ನೋಡಿದ 2020ರ ಒಂದು ಅಧ್ಯಯನದಲ್ಲಿ, ಬಿದ್ದು ತೀವ್ರವಾಗಿ ಗಾಯಗೊಂಡ ಪ್ರಕರಣಗಳ ಪೈಕಿ ಶೇ. 57.5 ಮಾತ್ರ ಎಂಡಿಎಸ್‌ನಲ್ಲಿ ದಾಖಲಾಗಿದ್ದವು. ಗ್ರಹಣಶಕ್ತಿಯ ಅಂಕವೂ 2019ರ ಅಕ್ಟೋಬರ್‌ನಿಂದ ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗಿರುವ ಅಮೆರಿಕ ಸರ್ಕಾರದ ಆರೋಗ್ಯ ವಿಮೆ) ಪಾವತಿಯ ಲೆಕ್ಕದಲ್ಲಿ ಸೇರಿದೆ. ನಿಮ್ಮ ವಿಷಯದಲ್ಲಿ ದುರುದ್ದೇಶವಿತ್ತು ಎನ್ನಲಾರೆ, ಅವಸರವೇ ಕಾರಣವಿದ್ದೀತು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ದಾಖಲೆ ಇಂದು ಕೈಗೆ ಬಂತು. ಭಾಷೆಯ ಅಂಕಣದಲ್ಲಿ "ಇಂಗ್ಲಿಷ್" ಎಂದೂ, ದುಭಾಷಿ ಬೇಕೇ ಎಂಬಲ್ಲಿ "ಇಲ್ಲ" ಎಂದೂ ಇದೆ. ಬೇಕೇ ಎಂದು ಅಮ್ಮನನ್ನು ಇಂಗ್ಲಿಷಿನಲ್ಲೇ ಕೇಳಿದ್ದರಂತೆ.