ಸಹಾಯ ಬೇಕು: ಕಡಲಪಾಚಿ ಉದ್ಯಮದ ಗ್ರೇ ವಾಟರ್ ಲೆಕ್ಕ ಮೈನಸ್ ಬರ್ತಿದೆ

ಎಲ್ಲರಿಗೂ ನಮಸ್ಕಾರ. ಪ್ರಾಜೆಕ್ಟ್ ವಿಷಯ ತಮಿಳುನಾಡಿನ ರಾಮನಾಥಪುರಂ ಕಡೆಯ ಕಪ್ಪಾಫೈಕಸ್ (ಒಂದು ಕಡಲಪಾಚಿ) ಕೃಷಿ ಮತ್ತು ಸಂಸ್ಕರಣೆಯ ನೀರಿನ ಬಳಕೆ, ಅಂದ್ರೆ ವಾಟರ್ ಫುಟ್‌ಪ್ರಿಂಟ್.

ಬೆಳೆಸುವ ಹಂತದಲ್ಲಿ ತಕರಾರಿಲ್ಲ. 3 ಮೀಟರ್ ಉದ್ದ, 3 ಮೀಟರ್ ಅಗಲದ ಬಿದಿರಿನ ತೆಪ್ಪ, 20 ಹಗ್ಗ, ಹಗ್ಗಕ್ಕೆ 150 ಗ್ರಾಂನ 20 ತುಂಡು, ಅಂದ್ರೆ 60 ಕೆಜಿ ಬಿತ್ತನೆ, 45 ದಿನಕ್ಕೆ ಕೊಯ್ಲು. ಸಿಹಿನೀರು ಸೊನ್ನೆ. "ಹಾಗಾದ್ರೆ ಕಡಲಪಾಚಿಗೆ ನೀರೇ ಬೇಡ" ಅಂತ ಇಲ್ಲೇ ನಿಲ್ಲಿಸಿದ್ರೆ ತಪ್ಪಾಗತ್ತೆ. ನೀರಿನ ಅಸಲಿ ಖರ್ಚು ಕ್ಯಾರಗೀನನ್ (ಪಾಚಿಯಿಂದ ತೆಗೆಯೋ, ಆಹಾರವನ್ನ ಗಟ್ಟಿಮಾಡೋ ಅಂಟು) ಘಟಕದಲ್ಲಿದೆ: ಒಣಗಿದ ಪಾಚಿಯನ್ನ ಬಿಸಿ ಪೊಟ್ಯಾಶ್ ಕ್ಷಾರದಲ್ಲಿ ಬೇಯಿಸಿ, ಪಿಎಚ್ ಇಳಿಯೋವರೆಗೂ ಸಿಹಿನೀರಲ್ಲಿ ಮತ್ತೆ ಮತ್ತೆ ತೊಳೀಬೇಕು. ಈ ನೀರನ್ನ ಮೀಟರ್ ಓದಿ ಬ್ಲೂ ವಾಟರ್‌ಗೆ (ನದಿ, ಕೆರೆ, ಅಂತರ್ಜಲದಿಂದ ತೆಗೆದು ಖರ್ಚಾಗೋ ಸಿಹಿನೀರು) ಸೇರಿಸಿದೀವಿ.

ಸಿಕ್ಕಿಹಾಕಿಕೊಂಡಿರೋದು ಗ್ರೇ ವಾಟರ್‌ನಲ್ಲಿ, ಅಂದ್ರೆ ಮಾಲಿನ್ಯವನ್ನ ಮಿತಿಯೊಳಗೆ ತೆಳುಮಾಡೋಕೆ ಬೇಕಾಗೋ ನೀರಿನ ಲೆಕ್ಕದಲ್ಲಿ. ಸೂತ್ರ: ಮಾಲಿನ್ಯದ ಹೊರೆ ÷ (ತ್ಯಾಜ್ಯ ಸೇರೋ ನೀರಿನಲ್ಲಿ ಗರಿಷ್ಠ ಮಿತಿ − ಅಲ್ಲಿನ ನೈಸರ್ಗಿಕ ಪ್ರಮಾಣ). ತೊಳೆದ ನೀರು ಸಮುದ್ರಕ್ಕೇ ಹೋಗತ್ತೆ. ಕರಗಿದ ಲವಣಕ್ಕೆ ಕುಡಿಯುವ ನೀರಿನ ಮಿತಿ ಲೀಟರ್‌ಗೆ 2,000 ಮಿಲಿಗ್ರಾಂ ಹಾಕಿದ್ರೆ, ಸಮುದ್ರದಲ್ಲಿ ಮೊದಲೇ ಸುಮಾರು 35,000 ಇರೋದ್ರಿಂದ ಛೇದ ಮೈನಸ್. ಲವಣ ಬಿಟ್ಟು ಸಿಒಡಿ (ನೀರಲ್ಲಿರೋ ಕೊಳೆಯನ್ನ ರಾಸಾಯನಿಕವಾಗಿ ಉತ್ಕರ್ಷಿಸೋಕೆ ಬೇಕಾಗೋ ಆಮ್ಲಜನಕ) ತಗೊಂಡು ಲೀಟರ್‌ಗೆ 250 ಮಿಲಿಗ್ರಾಂ ಹಾಕಿ ನೋಡಿದ್ವಿ, ಉತ್ತರ ಬಂತು. ಆದ್ರೆ 250 ಅನ್ನೋದು ಪೈಪಿನ ಬಾಯಲ್ಲಿ ಹೊರಬಿಡೋ ನೀರಿನ ಮಿತಿ, ಸಮುದ್ರದ ನೀರಿನ ಮಿತಿ ಅಲ್ಲ. ಸೂತ್ರ ಕೇಳೋದು ಎರಡನೇದನ್ನ.

ಇನ್ನೊಂದು ಸಣ್ಣ ವಿಷಯ: ಹಸಿ ಪಾಚಿ ಅರೆದು ತೆಗೆಯೋ ದ್ರವಗೊಬ್ಬರದಲ್ಲಿರೋ ನೀರು ಸಮುದ್ರದ್ದೇ, ಹಾಗಾಗಿ ಅದನ್ನ ಲೆಕ್ಕದಿಂದ ಬಿಟ್ಟಿದೀವಿ.

ಪ್ರಶ್ನೆ ಇಷ್ಟೇ: ಸಮುದ್ರಕ್ಕೆ ಸೇರೋ ತ್ಯಾಜ್ಯಕ್ಕೆ ಗ್ರೇ ವಾಟರ್ ಲೆಕ್ಕ ಹಾಕಬೇಕಾ? ಹಾಕೋದಾದ್ರೆ ಯಾವ ಮಾಲಿನ್ಯಕಾರಕ, ಯಾವ ಮಿತಿ ತಗೋಬೇಕು? ಅಥವಾ ಬ್ಲೂ ವಾಟರ್ ಮಾತ್ರ ಕೊಟ್ಟು, ಹೊರೆಯನ್ನ ಬೇರೆ ಕೋಷ್ಟಕದಲ್ಲಿ ತೋರಿಸಿದ್ರೆ ಸರೀನಾ?