ಅಪ್‌ಡೇಟ್: ರಾಯಚೂರಿನ ರೈಸ್ ಮಿಲ್ ನೆಟ್‌ವರ್ಕ್ ಲಿಂಕ್ ಕೊನೆಗೂ ಬಂತು

ಮಿಲ್ ಆಫೀಸಿನಿಂದ ಗೋದಾಮಿಗೆ ಒಂದೇ ಎಳೆ ಫೈಬರ್. ಗೋದಾಮಿನ ರೂಟರಿನಲ್ಲಿ ಎಸ್‌ಎಫ್‌ಪಿ ಮಾಡ್ಯೂಲ್ (ಫೈಬರ್ ಸಿಕ್ಕಿಸುವ, ಬೆಳಕಿನಲ್ಲಿ ಡೇಟಾ ಕಳಿಸಿ ಪಡೆಯುವ ಪುಟ್ಟ ಭಾಗ) ಕೆಟ್ಟು, ಹೊಸದು ಹಾಕಿದರೂ ಲಿಂಕ್ ಬರುತ್ತಿಲ್ಲ ಅಂತ ಇಲ್ಲಿ ಕೇಳಿದ್ದೆ.

ನಿಮ್ಮಲ್ಲಿ ಕೆಲವರು ಫೈಬರ್ ತುದಿಯ ಕನೆಕ್ಟರ್ ಒರೆಸಿ ಅಂದಿದ್ದಿರಿ. ಒರೆಸಿದೆ. ಭತ್ತದ ಹೊಟ್ಟಿನ ಧೂಳು ಬಂತು, ಲಿಂಕ್ ಬರಲಿಲ್ಲ. ಪ್ಯಾಚ್ ಕಾರ್ಡ್ (ಮಾಡ್ಯೂಲಿಗೆ ಸಿಕ್ಕಿಸುವ ತುಂಡು ಫೈಬರ್ ಕೇಬಲ್) ಬದಲಿಸಿದ್ದೂ ಸುಮ್ನೆ ಖರ್ಚು.

ಕೈ ಹಿಡಿದಿದ್ದು "ಎರಡೂ ಕಡೆಯ ಮಾಡ್ಯೂಲಿನ ಲೇಬಲ್ ಓದಿ" ಎಂದವರ ಮಾತು. ಎರಡರ ಮೇಲೂ ಟಿಎಕ್ಸ್ (ಕಳಿಸುವ ಬೆಳಕು) 1310, ಆರ್‌ಎಕ್ಸ್ (ಪಡೆಯುವ ಬೆಳಕು) 1550 ಅಂತಿತ್ತು! ಒಂದೇ ಎಳೆಯಲ್ಲಿ ಹೋಗುವ ಬೆಳಕಿಗೂ ಬರುವ ಬೆಳಕಿಗೂ ಬೇರೆ ಬೇರೆ ತರಂಗಾಂತರ ಬೇಕು. ಎರಡೂ ಕಡೆಯವರು 1310 ನ್ಯಾನೋಮೀಟರಿನಲ್ಲಿ ಕಳಿಸಿ, 1550ಕ್ಕೆ ಕಾದು ಕೂತರೆ ಏನು ಬರುತ್ತೆ? ಅಂಗಡಿಯವರು ಅದೇ ಮಾಡೆಲ್ ಅಂತ, ಕೆಟ್ಟದ್ದರ ಬದಲು ಜೋಡಿಯಲ್ಲಿ ಆಫೀಸಿನ ಕಡೆ ಇರುವಂಥದ್ದನ್ನೇ ಕೊಟ್ಟುಬಿಟ್ಟಿದ್ದರು. ಟಿಎಕ್ಸ್ 1550 ಇರುವುದನ್ನು ತಂದು, ರೂಟರ್ ಆಫ್ ಮಾಡದೆಯೇ ತಳ್ಳಿದೆ. ಟಕ್ ಅಂತ ಕೂತಿತು, ಹಸಿರು ದೀಪ ಹತ್ತಿತು.

ಮಾಡ್ಯೂಲಿನ ಹಿಡಿಯ ಬಣ್ಣ ನಂಬಬೇಡಿ, ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತೆ. ಮತ್ತೆ, ಬೆಳಕು ಬರ್ತಿದೆಯಾ ಅಂತ ಫೈಬರ್ ತುದಿಗೆ ಕಣ್ಣು ಹಚ್ಚಿ ನೋಡೋದು ಬೇಡ. ಈ ಲೇಸರ್ ಕಣ್ಣಿಗೆ ಕಾಣಲ್ಲ, ಆದರೆ ಕಣ್ಣಿಗೆ ಪೆಟ್ಟು ಕೊಡಬಹುದು.